ನಾಯಿಯನ್ನು ಪಶುವೈದ್ಯರ ಹತ್ತಿರ ಗಾಬರಿಯಿಲ್ಲದೆ ಕರೆದೊಯ್ಯುವುದು ಹೇಗೆ?

ಎರಡು ವಾರ ಮೊದಲೇ ಮನೆಯಲ್ಲಿ ಶುರುಮಾಡಿ. ದಿನಕ್ಕೆರಡು ಸಲ ಕಿವಿಯೊಳಗೆ ನೋಡಿ, ತುಟಿ ಎತ್ತಿ ಹಲ್ಲು ನೋಡಿ, ಪಂಜ ಹಿಡಿದು 2–3 ಸೆಕೆಂಡಿನಲ್ಲೇ ಬಿಡಿ. ಪ್ರತಿ ಸಲವೂ ಒಂದು ಚೂರು ತಿಂಡಿ. ಕಾಲು ಎಳೆದುಕೊಂಡರೆ ನೀವು ಅವಸರ ಮಾಡಿದ್ದೀರಿ ಅಂತ.

ಸ್ಟೀಲ್ ಟೇಬಲ್ ಮೇಲೆ ಕಾಲು ಜಾರಿದರೆ ಸೂಜಿ ಕಾಣುವ ಮೊದಲೇ ನಾಯಿ ಬೆದರುತ್ತದೆ. ಮನೆಯ ರಬ್ಬರ್ ಮ್ಯಾಟ್ ಒಯ್ದು ಹಾಸಿ. ಸರದಿ ಬರುವವರೆಗೆ ಹೊರಗೇ ಇರಿ. ಲಸಿಕೆ ಪುಸ್ತಕ, ಅದೇ ದಿನದ ಮಲದ ಸ್ಯಾಂಪಲ್, ಕುಂಟುವ ಅಥವಾ ಕೆಮ್ಮುವ ವಿಡಿಯೊ ಜೊತೆಗಿರಲಿ (ಡಾಕ್ಟರ ಮುಂದೆ ಅದು ಕುಂಟುವುದೇ ಇಲ್ಲ!).

ಗುರುಗುಟ್ಟಿದರೆ ಗದರಬೇಡಿ, ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚಬಹುದು. ವಿಪರೀತ ಹೆದರುವ ನಾಯಿಗೆ ಹೊರಡುವ ಮುಂಚೆ ಕೊಡುವ ಮಾತ್ರೆಗಳಿವೆ, ಡಾಕ್ಟರಿಗೆ ಮೊದಲೇ ಫೋನ್ ಮಾಡಿ ಕೇಳಿ. ಮನುಷ್ಯರ ನಿದ್ದೆ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ.