‘ಆ್ಯಂಕ್ಷಸ್’ ಪದಕ್ಕೆ ಕಾತರದ ಹಕ್ಕಿಲ್ಲವೇ?

ಕಳೆದ ಸಂಚಿಕೆಯ ಲೇಖನವೊಂದರಲ್ಲಿ ‘ಐ ಆ್ಯಮ್ ಆ್ಯಂಕ್ಷಸ್ ಟು ಮೀಟ್ ಯೂ’ ಎಂಬ ವಾಕ್ಯಕ್ಕೆ ‘ನಿಮ್ಮನ್ನು ಕಾಣಲು ಕಾತರನಾಗಿದ್ದೇನೆ’ ಎಂಬ ಅರ್ಥ ಕೊಡಲಾಗಿತ್ತು. ತುಮಕೂರಿನ ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ಇದನ್ನು ಆಕ್ಷೇಪಿಸಿ ಪತ್ರ ಬರೆದಿದ್ದಾರೆ. ‘ಆ್ಯಂಕ್ಷಸ್’ ಎಂದರೆ ಕಳವಳಗೊಂಡ ಎಂದಷ್ಟೇ ಅರ್ಥ, ಬಯಕೆಯನ್ನು ಹೇಳಲು ‘ಈಗರ್’ ಎನ್ನಬೇಕು, ತಾವು ಇಂಥ ವಾಕ್ಯಕ್ಕೆ ತಪ್ಪದೆ ಅಂಕ ಕಳೆಯುತ್ತಿದ್ದುದಾಗಿಯೂ ಪತ್ರಿಕೆ ತಿದ್ದುಪಡಿ ಪ್ರಕಟಿಸಬೇಕೆಂದೂ ಅವರ ವಾದ.

ಮಾನ್ಯರೇ, ಒಂದು ಪದಕ್ಕಾಗಿ ಇಷ್ಟು ಶ್ರದ್ಧೆಯಿಂದ ಬರೆಯುವ ಓದುಗರಿರುವುದು ನಮ್ಮ ಭಾಗ್ಯ. ನಿಮ್ಮ ಮಾತಿನಲ್ಲಿ ಹುರುಳೂ ಇದೆ. ಆ ಪದದ ಬೇರು ‘ಹಿಸುಕು’, ‘ಉಸಿರು ಕಟ್ಟಿಸು’ ಎಂಬ ಅರ್ಥದ ಲ್ಯಾಟಿನ್ ಧಾತು; ಎದೆ ಹಿಂಡುವ ‘ಆಂಜೈನಾ’ ಕೂಡ ಅದೇ ಕುಲದ್ದು. ಆತಂಕದ ಲವಲೇಶವೂ ಇಲ್ಲದ ಬಯಕೆಗೆ ‘ಈಗರ್’ ಹೆಚ್ಚು ಒಪ್ಪುತ್ತದೆ. ಇದಕ್ಕಿಂತ ಮುಂದೆ ನಿಮ್ಮೊಡನೆ ಬರಲಾರೆ.

ಇಂಗ್ಲಿಷರು ಈ ಪದವನ್ನು ತೀವ್ರ ಬಯಕೆಯ ಅರ್ಥದಲ್ಲಿ 18ನೆಯ ಶತಮಾನದ ನಡುಭಾಗದಿಂದಲೂ ಬಳಸುತ್ತ ಬಂದಿದ್ದಾರೆ. ಹೆಸರಾಂತ ಆಕ್ಷೇಪ ಬಂದದ್ದು 1909ರಲ್ಲಿ, ಅಮೆರಿಕದ ಪತ್ರಕರ್ತ ಆ್ಯಂಬ್ರೋಸ್ ಬಿಯರ್ಸ್ ತಮಗೊಪ್ಪದ ಪ್ರಯೋಗಗಳನ್ನು ಪಟ್ಟಿಮಾಡಿ ಹೊರತಂದ ಪುಸ್ತಿಕೆಯಲ್ಲಿ. ಅಷ್ಟರಲ್ಲಿ ಒಂದೂವರೆ ಶತಮಾನದ ಬಳಕೆ ಬೇರೂರಿತ್ತು. ಮೂಲಾರ್ಥವೇ ಪ್ರಮಾಣವೆನ್ನುವುದಾದರೆ ‘ಈಗರ್’ ಕೂಡ ನಿಲ್ಲುವುದಿಲ್ಲ. ಅದು ‘ಹರಿತ’, ‘ಹುಳಿ’ ಎಂಬರ್ಥದ ಫ್ರೆಂಚ್ ಪದದಿಂದ ಬಂದದ್ದು. ‘ವಿನೆಗರ್’ನ ಬಾಲದಲ್ಲಿರುವುದೂ ಅದೇ. ಆ ಹುಳಿಯನ್ನು ಮನ್ನಿಸಿದವರು ಈ ಉಸಿರುಕಟ್ಟನ್ನು ಮಾತ್ರ ಏಕೆ ಮನ್ನಿಸಬಾರದು?

ಪ್ರಯೋಗದ ಸೂಕ್ಷ್ಮವನ್ನೂ ಗಮನಿಸಿ. ‘ಆ್ಯಂಕ್ಷಸ್ ಅಬೌಟ್’ ಎಂದರೆ ಚಿಂತೆ. ‘ಆ್ಯಂಕ್ಷಸ್ ಟು’ ಎಂದರೆ ಬಯಕೆ, ಆದರೆ ಬಹುತೇಕ ಕಡೆಗಳಲ್ಲಿ ಅದು ಕೈಗೂಡುವುದೋ ಇಲ್ಲವೋ ಎಂಬ ತಳಮಳದೊಡನೆ ಬೆರೆತ ಬಯಕೆ. ಶಸ್ತ್ರಚಿಕಿತ್ಸೆಯ ಕೊಠಡಿಯ ಹೊರಗೆ ಕುಳಿತ ತಾಯಿ ವೈದ್ಯರ ಮಾತು ಕೇಳಲು ‘ಈಗರ್’ ಆಗಿದ್ದಳು ಎಂದು ಬರೆದರೆ ಅವಳ ಭಯವೇ ಬಿಟ್ಟುಹೋಗುತ್ತದೆ.

ಕನ್ನಡಿಗರಿಗೆ ಇದು ವಿಚಿತ್ರವೆನಿಸಬಾರದು. ಸಂಸ್ಕೃತದಲ್ಲಿ ‘ಕಾತರ’ ಎಂದರೆ ಅಂಜಿದವನು, ಕಂಗೆಟ್ಟವನು. ನಾವೋ ಮಗಳ ಬರವಿಗಾಗಿ ಕಾತರದಿಂದ ಕಾಯುತ್ತೇವೆ. ಅಲ್ಲಿ ‘ಆತುರ’ನೆಂದರೆ ರೋಗಪೀಡಿತ, ಇಲ್ಲಿ ಊಟಕ್ಕೆ ಆತುರಪಡುವವನನ್ನು ಯಾರೂ ಆಸ್ಪತ್ರೆಗೆ ಕಳುಹಿಸುವುದಿಲ್ಲ. ಸಂಕಟದಿಂದ ತವಕದ ಕಡೆಗೆ ಅರ್ಥ ಸರಿಯುವ ದಾರಿಯನ್ನು ನಮ್ಮ ನುಡಿಯೂ ತುಳಿದಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಶಾಸನ, ಕಾವ್ಯಗಳಿಂದ ಪ್ರಯೋಗಗಳನ್ನು ಆಯ್ದು ಅರ್ಥ ನಿರ್ಣಯಿಸುತ್ತದೆ. ಅದಕ್ಕಾಗಿ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ದಲ್ಲಿ ಓದುಗರ ಸಂದೇಹಗಳನ್ನು ವರ್ಷಗಟ್ಟಲೆ ಪರಿಹರಿಸಿದರು. ಪದವೊಂದು ತಪ್ಪೆನ್ನುವ ಮೊದಲು ಅದನ್ನು ಯಾರು, ಎಂದು, ಹೇಗೆ ಬಳಸಿದ್ದಾರೆಂದು ನೋಡುವ ಈ ಶಿಸ್ತನ್ನು ನಾವು ಇಂಗ್ಲಿಷಿನ ವಿಷಯದಲ್ಲಿ ಮಾತ್ರ ಕೈಬಿಡುತ್ತೇವೆ.

ನನ್ನ ನೋವಿರುವುದು ಇಲ್ಲಿಯೇ. ‘ಸಾಮಾನ್ಯ ತಪ್ಪುಗಳು’ ಎಂಬ ಬಗೆಯ ಕೈಪಿಡಿಗಳು ಯಾರದೋ ಅಭಿರುಚಿಯನ್ನು ವ್ಯಾಕರಣವೆಂದು ನಮ್ಮ ತರಗತಿಗಳಲ್ಲಿ ಬಿತ್ತಿವೆ. ನಮ್ಮಲ್ಲಿ ತರಬೇತಿಗೆ ಬಂದಿದ್ದ, ಕನ್ನಡದಲ್ಲಿ ಸೊಗಸಾಗಿ ಬರೆಯುವ ಹುಡುಗಿಯೊಬ್ಬಳು ಉದ್ಯೋಗದ ಅರ್ಜಿಯಲ್ಲಿ ಈ ಪದವನ್ನೇ ಬರೆದು, ಶಾಲೆಯ ಕೆಂಪು ಗೆರೆ ನೆನಪಾಗಿ ಹೊಡೆದುಹಾಕಿ, ಕೊನೆಗೆ ಆ ವಾಕ್ಯವನ್ನೇ ಬಿಟ್ಟಳು. ಇಂಗ್ಲಿಷಿನವರೇ ಹೆದರದ ಪದಕ್ಕೆ ಅವಳು ಹೆದರುವಂತೆ ಮಾಡಿದವರು ನಾವು. ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಮಕ್ಕಳು ಸಂದರ್ಶನದಲ್ಲಿ ಬಾಯಿ ತೆರೆಯದಿರುವುದಕ್ಕೆ ಪದಸಂಪತ್ತಿನ ಕೊರತೆಗಿಂತ ಈ ಭಯವೇ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಆದ್ದರಿಂದ ತಿದ್ದುಪಡಿ ಪ್ರಕಟಿಸಲಾರೆವು. ನಿಮ್ಮ ಶಿಷ್ಯರಲ್ಲಿ ಅಧ್ಯಾಪಕರಾದವರೂ ಇರಬಹುದು. ಈ ವಾಕ್ಯಕ್ಕೆ ಇನ್ನು ಅಂಕ ಕಳೆಯಬೇಡಿರೆಂದು ಅವರಿಗೆ ನೀವೇ ತಿಳಿಸಿದರೆ ನನ್ನ ಮಾತಿಗಿಂತ ಹೆಚ್ಚು ಬೆಲೆ ಬರುತ್ತದೆ.

— ಸಂಪಾದಕ