ಸ್ಯಾಂಪಲ್ ಕಳಿಸಲು ಟ್ರೇನಿಂಗ್ ಸರ್ಟಿಫಿಕೇಟ್ ಬೇಕಾ?

ಎಥೆನಾಲ್‌ನಲ್ಲಿಟ್ಟ ಕೀಟಗಳು ಮತ್ತು ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಹಾಕಿದ ಎಲೆಗಳು, ಎರಡನ್ನೂ ಧಾರವಾಡದಿಂದ ದಿಲ್ಲಿಯ ಲ್ಯಾಬಿಗೆ ವಿಮಾನದಲ್ಲಿ ಕಳಿಸಬೇಕು, ಅಪಾಯಕಾರಿ ಸರಕು ಕಳಿಸುವ ಟ್ರೇನಿಂಗ್ ಇಲ್ಲದೆ ನಡೆಯುತ್ತಾ, ಇಲ್ಲ ಬೆಂಗಳೂರಿನ ತನಕ ರಾತ್ರಿ ಬಸ್ಸಿಗೆ ಹಾಕಲಾ ಅಂತ ಕೇಳಿದ್ದೀರಿ. ನಾನೂ ಧಾರವಾಡದವನೇ, ಲ್ಯಾಬಿನಲ್ಲಿ ಈ ಪ್ಯಾಕಿಂಗ್ ನೋಡಿಕೊಳ್ಳುತ್ತೇನೆ. ಕೀಟಕ್ಕೆ ಸರ್ಟಿಫಿಕೇಟ್ ಬೇಡ, ಡ್ರೈ ಐಸಿಗೆ ಬೇಕು.

ಎಥೆನಾಲ್ ಬೆಂಕಿ ಹಿಡಿಯುವ ದ್ರವ, ಸರಿ. ಆದರೆ ಸೋಂಕಿಲ್ಲದ ಸ್ಪೆಸಿಮನ್‌ಗಳಿಗೆ ಐಎಟಿಎ (ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ) ನಿಯಮದಲ್ಲಿ ಎ180 ಅನ್ನೋ ವಿನಾಯಿತಿ ಇದೆ. ಒಂದು ವಯಲ್‌ನಲ್ಲಿ (ಸಣ್ಣ ಬಾಟಲಿ) ಎಥೆನಾಲ್ 30 ಮಿ.ಲೀ. ಮೀರಬಾರದು, ಇಡೀ ಡಬ್ಬಿಯಲ್ಲಿ 1 ಲೀಟರ್ ಮೀರಬಾರದು. ವಯಲ್‌ಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಸಿ ಸೀಲ್ ಮಾಡಿ, ಅದನ್ನು ಹತ್ತಿ ಇಲ್ಲವೇ ಟಿಶ್ಯೂ ಜೊತೆ ಇನ್ನೊಂದು ಚೀಲದಲ್ಲಿಟ್ಟು ಮತ್ತೆ ಬಿಸಿ ಸೀಲ್ ಮಾಡಿ, ಆಮೇಲೆ ಗಟ್ಟಿ ಡಬ್ಬಿಯಲ್ಲಿ ಅಲುಗಾಡದ ಹಾಗೆ ಇಡಬೇಕು. ಜಿಪ್ ಚೀಲ ಸಾಲದು. ಎಲ್ಲರೂ ಎಡವುವುದು ಇಲ್ಲೇ. ಡಬ್ಬಿಯ ಮೇಲೆ ಎ180 ಅನ್ವಯಿಸುತ್ತದೆ ಅಂತ ಬರೆಯೋದು ಕಡ್ಡಾಯ. ಸುಮ್ನೆ ‘ಪುಸ್ತಕ’ ಅಂತ ಬರೆದು ಕಳಿಸೋರೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಡ್ರೈ ಐಸ್ ಕಥೆ ಬೇರೆ. ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದರ ನಂಬರ್ ಯುಎನ್1845, ವರ್ಗ ಕ್ಲಾಸ್ 9. ಕರಗಿ ನೀರಾಗಲ್ಲ, ನೇರ ಗ್ಯಾಸ್ ಆಗುತ್ತದೆ, 1 ಕೆ.ಜಿ.ಗೆ ಸುಮಾರು 500 ಲೀಟರ್. ನಮ್ಮಲ್ಲಿ ಥರ್ಮಾಕೋಲ್ ಡಬ್ಬಿಯ ಮುಚ್ಚಳದ ಸುತ್ತ ಟೇಪ್ ಸುತ್ತಿ ಸುತ್ತಿ ಬಿಗಿ ಮಾಡೋ ಅಭ್ಯಾಸ ಜಾಸ್ತಿ. ಹಾಗೆ ಮಾಡಿದರೆ ಗ್ಯಾಸ್ ಹೋಗಲು ದಾರಿಯಿಲ್ಲದೆ ಡಬ್ಬಿ ಒಡೆಯುತ್ತದೆ. ಮುಚ್ಚಳ ಬೀಳದಷ್ಟು ಟೇಪ್ ಸಾಕು. ಹೊರಗಡೆ ಕ್ಲಾಸ್ 9 ಲೇಬಲ್, ಯುಎನ್ ನಂಬರ್, ಎಷ್ಟು ಕೆ.ಜಿ. ಐಸ್ ಅನ್ನೋದು ಇರಬೇಕು. ಐಸ್ ಮುಟ್ಟುವಾಗ ತೆಳ್ಳಗಿನ ನೈಟ್ರೈಲ್ ಗ್ಲೌಸ್ ನಂಬಬೇಡಿ, ಮೈನಸ್ 78 ಡಿಗ್ರಿ ಅದು.

ಐಎಟಿಎ ಟ್ರೇನಿಂಗ್ 24 ತಿಂಗಳಿಗೆ ಮುಗಿಯುತ್ತದೆ, ಮತ್ತೆ ಮಾಡಬೇಕು. ಸರ್ಟಿಫಿಕೇಟ್ ವ್ಯಕ್ತಿಯದ್ದು, ಡಿಪಾರ್ಟ್‌ಮೆಂಟಿನದ್ದಲ್ಲ. ಸರ್ ಯಾವಾಗಲೋ ಕೋರ್ಸ್ ಮಾಡಿದ್ದರು ಅಂದರೆ ಅದು ನಿಮಗೆ ಲೆಕ್ಕಕ್ಕಿಲ್ಲ. ತಪ್ಪಾದರೆ ಮೊದಲು ಕೇಳುವುದು ಕಳಿಸಿದವರನ್ನೇ, ಕೊರಿಯರ್ ಹುಡುಗನನ್ನಲ್ಲ. ಸರ್ಟಿಫಿಕೇಟ್ ಚಾಲ್ತಿಯಲ್ಲಿರೋ ಯಾರಾದರೂ ಕ್ಯಾಂಪಸ್ಸಿನಲ್ಲಿದ್ದರೆ ಅವರ ಕೈಯಲ್ಲೇ ಪ್ಯಾಕ್ ಮಾಡಿಸಿ.

ಬಸ್ಸಿಗಂತೂ ಬೇಡವೇ ಬೇಡ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಮುಚ್ಚಿದ ಎಸಿ ಸ್ಲೀಪರ್‌ನಲ್ಲಿ ಕೆಳಗೇ ತುಂಬಿಕೊಳ್ಳುತ್ತದೆ, ಅಲ್ಲಿ ಜನ ಮಲಗಿರುತ್ತಾರೆ. ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಒಯ್ದರೂ ಕಿಟಕಿ ತೆರೆದಿಡಿ. ಶುಕ್ರವಾರ ಕಳಿಸಬೇಡಿ, ಭಾನುವಾರ ಗೋಡೌನಿನಲ್ಲೇ ಐಸ್ ಖಾಲಿಯಾಗುತ್ತದೆ.

ಇನ್ನೊಂದು ಮಾತು, ಎಲೆಯಿಂದ ಬೇಕಾಗಿರೋದು ಡಿಎನ್‌ಎ ಮಾತ್ರಾನಾ? ಹಾಗಾದರೆ ಸಿಲಿಕಾ ಜೆಲ್‌ನಲ್ಲಿ ಒಣಗಿಸಿದ್ದು ನಡೆಯುತ್ತಾ ಅಂತ ದಿಲ್ಲಿಯವರನ್ನು ಮೊದಲೇ ಕೇಳಿ, ಹೂಂ ಅಂದರೆ ಡ್ರೈ ಐಸಿನ ಗೋಜೇ ಇಲ್ಲ.