ಮೀನಿನ ಪಾತ್ರೆ ಇರುವುದು ನಾಲ್ಕನೆಯ ಪುಟದಲ್ಲಿ

ಮಾನ್ಯರೇ,

ನಿಮ್ಮ ‘ತಾಯಿಯಿಲ್ಲದ ಕಂದಮ್ಮಗಳು’ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ನಮ್ಮ ಪುರವಣಿಗೆ ಅದು ಆಗುವುದಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಕಾರಣ, ನಾಲ್ಕನೆಯ ಪುಟದ ಒಂದು ವಾಕ್ಯ. ಅಲ್ಲಿಗೆ ಬರುವ ಮೊದಲು ಉಳಿದುದನ್ನು ಹೇಳಿ ಮುಗಿಸುತ್ತೇನೆ.

ಮೊದಲ ಎರಡು ಪುಟಗಳಲ್ಲಿ ಜಡಿಮಳೆ, ವಾಹನದಡಿ ಸತ್ತ ತಾಯಿಬೆಕ್ಕು, ಸೌದೆ ಕೊಟ್ಟಿಗೆಯಲ್ಲಿ ಕೂಗುವ ಮೂರು ಮರಿಗಳು, ನಿಮ್ಮ ಕಣ್ಣೀರು. ಬೆಕ್ಕಿನ ಮರಿಗೆ ಮನಸ್ಸು ಕರಗದವರು ಇಂಥ ಲೇಖನವನ್ನು ತೆರೆಯುವುದೇ ಇಲ್ಲ. ತೆರೆದವರು ಮೊದಲ ಪ್ಯಾರಾದಲ್ಲೇ ನಿಮ್ಮ ಪಕ್ಷ ಸೇರಿರುತ್ತಾರೆ. ಅವರನ್ನು ಮತ್ತೆ ಮತ್ತೆ ಅಳಿಸುವ ಅಗತ್ಯವಿಲ್ಲ. ಬೆಕ್ಕು ಏಳು ಮನೆ ತಿರುಗುತ್ತದೆ ಎಂಬ ಮಾತಿನ ಸುತ್ತ ಹೆಣೆದ ಅರ್ಧ ಪುಟವೂ ಬೇಡ. ಎಲ್ಲ ಸೇರಿ ಆರೇಳು ವಾಕ್ಯ ಸಾಕು.

ಇನ್ನು ಲೆಕ್ಕ. ಸಿಕ್ಕಾಗ ಮರಿಗಳು ಕಣ್ಣು ಬಿಟ್ಟಿರಲಿಲ್ಲ ಎನ್ನುತ್ತೀರಿ. ಹತ್ತು ದಿನ ಕಳೆದು ‘ತಾವಾಗಿಯೇ ಅನ್ನ ತಿನ್ನತೊಡಗಿದವು’ ಎನ್ನುತ್ತೀರಿ. ಮರಿಗಳು ಸಾಮಾನ್ಯವಾಗಿ ಹುಟ್ಟಿದ 7ರಿಂದ 14 ದಿನದೊಳಗೆ ಕಣ್ಣು ಬಿಡುತ್ತವೆ. ಹಾಗಾದರೆ ಅನ್ನ ತಿಂದಾಗ ಅವುಗಳ ವಯಸ್ಸು ಹೆಚ್ಚೆಂದರೆ ಮೂರೂವರೆ ವಾರ. ಆ ಹೊತ್ತಿಗೆ ಮುಂದಿನ ಹಲ್ಲುಗಳು ಬಂದಿರುತ್ತವೆ, ದವಡೆಯವು ಇನ್ನೂ ಬರಬೇಕು. ಘನ ಆಹಾರದ ಪರಿಚಯ ಶುರುವಾಗುವುದೇ ಸುಮಾರು ನಾಲ್ಕನೆಯ ವಾರಕ್ಕೆ, ಬಾಟಲಿ ಪೂರ್ತಿ ಬಿಡುವುದು ಏಳೆಂಟು ವಾರಕ್ಕೆ. ಎಲ್ಲೋ ದಿನಗಳು ತಪ್ಪಿವೆ. ನಿಮ್ಮ ಮೊಬೈಲಿನ ಫೋಟೊಗಳಲ್ಲಿ ತಾರೀಕು ಇರುತ್ತದೆ, ನೋಡಿ ಸರಿಪಡಿಸಿ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಮೂರನೆಯ ಪುಟದಲ್ಲಿ. ‘ಮಗುವಿನಂತೆ ಮಡಿಲಲ್ಲಿ ಅಂಗಾತ ಮಲಗಿಸಿ ಸ್ವಲ್ಪ ಹಾಲು ಕುಡಿಸಿದೆ.’ ಚೆಂದದ ಚಿತ್ರ, ಆದರೆ ಮರಿಯನ್ನು ಕೊಲ್ಲಬಲ್ಲ ಚಿತ್ರ. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯಬಹುದು. ಮರಿ ಹೊಟ್ಟೆಯ ಮೇಲೆಯೇ ಇರಬೇಕು. ಮೈ ತಣ್ಣಗಿದ್ದರೆ ಮೊದಲು ಬೆಚ್ಚಗಾಗಿಸಬೇಕು, ಆಮೇಲೆ ಆಹಾರ. ಯಾವ ಹಾಲು ಎಂದು ಎಲ್ಲಿಯೂ ಹೇಳಿಲ್ಲ. ಹಸುವಿನ ಹಾಲಿನಲ್ಲಿರುವ ಪ್ರೋಟೀನು ಬೆಕ್ಕಿನ ಹಾಲಿನದರ ಸುಮಾರು ಅರ್ಧ. ಅದರಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಎಷ್ಟೋ ಮರಿಗಳಿಗೆ ಜೀರ್ಣವಾಗದೆ ಭೇದಿ ಹಿಡಿಯುತ್ತದೆ. ಅಷ್ಟು ಚಿಕ್ಕ ಮೈಗೆ ಭೇದಿಯೆಂದರೆ ನೀರೆಲ್ಲ ಬತ್ತಿದಂತೆ. ಮರಿಗಳಿಗೆಂದೇ ತಯಾರಾಗುವ ಹಾಲಿನಪುಡಿ ಮಂಗಳೂರು, ಉಡುಪಿಯ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ. ನೀವು ಬಳಸಿದ್ದು ಅದೇ ಆಗಿದ್ದರೆ ಬರೆಯಿರಿ. ನಮ್ಮ ಓದುಗರು ನಿಮ್ಮ ಲೇಖನವನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳುವವರು, ಅವರು ನೀವು ಹೇಳಿದಂತೆಯೇ ಮಾಡುತ್ತಾರೆ.

ಈಗ ತಟ್ಟೆ. ಬಾಟಲಿಯಿಂದ ತಟ್ಟೆಗೆ ಬಂದದ್ದೇ ನಿಮ್ಮ ಲೇಖನದ ವಿಷಯ. ಅದಕ್ಕೆ ನೀವು ಕೊಟ್ಟಿರುವುದು ನಾಲ್ಕು ಸಾಲು. ತಾಯಿ ತಿನ್ನುವುದನ್ನು ನೋಡಿ ಕಲಿಯುವ ಅವಕಾಶ ಈ ಮರಿಗಳಿಗಿಲ್ಲ. ತಟ್ಟೆಯಲ್ಲಿರುವುದು ಊಟವೆಂದು ಅವುಗಳಿಗೆ ಯಾರು ಹೇಳಿದರು? ಬಾಟಲಿಯ ನಿಪ್ಪಲನ್ನು ಚೀಪುವ ಬದಲು ಜಗಿಯತೊಡಗಿದ ದಿನ ನಿಮಗೆ ಏನನ್ನಿಸಿತು? ನಮ್ಮ ಕಚೇರಿಯ ಕಾಗದದ ಗೋದಾಮಿನಲ್ಲಿ ಇಲಿಗಳಿವೆ, ಹಾಗಾಗಿ ಬೆಕ್ಕುಗಳೂ ಇವೆ. ಮರಿಗಳ ಮೊದಲ ಊಟವನ್ನು ನಾನೂ ನೋಡಿದ್ದೇನೆ. ಒಂದು ಮರಿ ತಟ್ಟೆಯ ಮೇಲೆ ನಡೆಯುತ್ತದೆ, ಇನ್ನೊಂದು ಮೂಗಿಗೆ ಹತ್ತಿಸಿಕೊಂಡು ಸೀನುತ್ತದೆ, ಮೂರನೆಯದು ತಟ್ಟೆಯ ಅಂಚನ್ನೇ ಕಚ್ಚುತ್ತದೆ. ಮುಖವನ್ನು ಹಿಡಿದು ಅದ್ದುವವರಿದ್ದಾರೆ, ಅದು ತಪ್ಪು. ಬೆರಳ ತುದಿಯಲ್ಲಿ ನೆಕ್ಕಿಸಿ, ಬೆರಳನ್ನು ನಿಧಾನವಾಗಿ ತಟ್ಟೆಗೆ ಇಳಿಸಬೇಕು. ಮೊದಮೊದಲು ಹೆಚ್ಚು ಹಾಲು, ಅದರಲ್ಲಿ ಕಿವುಚಿದ ಮೃದು ಆಹಾರ ಚೂರೇ ಚೂರು. ದಿನ ಕಳೆದಂತೆ ಹಾಲು ಕಡಿಮೆ, ಗಟ್ಟಿ ಹೆಚ್ಚು. ಉಗುರು ಬೆಚ್ಚಗಿದ್ದರೆ ವಾಸನೆಯೇ ಕರೆಯುತ್ತದೆ. ಬಾಟಲಿಯನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ. ಮುಖಕ್ಕೆ, ಎದೆಗೆ ಮೆತ್ತಿದ್ದು ಒಣಗುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ನೀವು ಇವನ್ನೆಲ್ಲ ಮಾಡಿಯೇ ಇರುತ್ತೀರಿ, ಇಲ್ಲವಾದರೆ ಮೂರೂ ಮರಿಗಳು ಬದುಕುತ್ತಿರಲಿಲ್ಲ. ಮತ್ತೇಕೆ ಬರೆಯಲಿಲ್ಲ? ನಮ್ಮ ಕರಾವಳಿಯ ಮಳೆಗಾಲದಲ್ಲಿ ತಟ್ಟೆಯಲ್ಲಿ ಉಳಿದದ್ದು ಎಷ್ಟು ಬೇಗ ಹಳಸುತ್ತದೆ, ಇರುವೆಗಳನ್ನು ಹೇಗೆ ದೂರವಿಟ್ಟಿರಿ? ಅದೂ ಬೇಕು.

ತೂಕದ ಬಗ್ಗೆ ಒಂದು ಅಕ್ಷರವೂ ಇಲ್ಲ. ಮರಿ ದಿನಕ್ಕೆ ಸುಮಾರು 10ರಿಂದ 15 ಗ್ರಾಂ ಏರಬೇಕು. ನಾಲ್ಕು ವಾರಕ್ಕೆ 400 ಗ್ರಾಂ ಆಸುಪಾಸು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ತಟ್ಟೆ ಖಾಲಿಯಾಯಿತೆಂದರೆ ಮರಿಯ ಹೊಟ್ಟೆ ತುಂಬಿತೆಂದು ಅರ್ಥವಲ್ಲ, ಪಕ್ಕದ ಮರಿ ತಿಂದಿರಬಹುದು. ತೂಕ ಏರದಿದ್ದರೆ ಪಶುವೈದ್ಯರ ಬಳಿಗೆ ಹೋಗಬೇಕೆಂದು ಒಂದು ಸಾಲಿನಲ್ಲಿ ಹೇಳಿ.

ಇನ್ನು ಆ ವಾಕ್ಯ: ‘ಮೀನಿನ ಪಾತ್ರೆ ಹೊಸಿಲು ದಾಟಬಾರದು ಎಂದು ಅತ್ತೆ ಹೇಳಿದ್ದರಿಂದ, ಪಕ್ಕದ ಮನೆಯಲ್ಲಿ ಬಂಗುಡೆ ಬೇಯಿಸಿಕೊಂಡು ಬಂದು ಬಚ್ಚಲಿನ ಹಿಂದೆ ತಿನ್ನಿಸಿದೆ.’ ಮುಂದಿನ ಸಾಲಿಗೆ ಮತ್ತೆ ಮುದ್ದು ಕಣ್ಣುಗಳು! ಉಡುಪಿಯ ರಥಬೀದಿಯಿಂದ ಕೂಗಳತೆಯಲ್ಲಿರುವ ಸಸ್ಯಾಹಾರಿ ಮನೆ, ಮಾಂಸವಿಲ್ಲದೆ ಬೆಳೆಯಲಾಗದ ಮೂರು ಜೀವಗಳು, ನಡುವೆ ಸೊಸೆ. ಲೇಖನ ಇಲ್ಲಿಂದಲೇ ಆರಂಭವಾಗಲಿ. ಅತ್ತೆ ಮೊಸರನ್ನ ಕೊಟ್ಟು ನೋಡಿದರೇ? ನಮ್ಮಲ್ಲಿ ಎಷ್ಟೋ ಬೆಕ್ಕುಗಳು ಮೊಸರನ್ನದಲ್ಲೇ ಬದುಕಿವೆಯಲ್ಲ ಎಂದು ವಾದಿಸಿದರೇ? ಅವು ಅಂಗಳದ ಇಲಿ, ಹಲ್ಲಿಗಳಲ್ಲಿ ಕೊರತೆ ತುಂಬಿಕೊಳ್ಳುತ್ತವೆ, ಮರಿಗೆ ಆ ದಾರಿಯಿಲ್ಲ. ಬೆಕ್ಕಿನ ಮೈ ತನಗೆ ಸಾಲುವಷ್ಟು ಟಾರಿನ್ ಎಂಬ ಪೋಷಕಾಂಶವನ್ನು ತಯಾರಿಸಿಕೊಳ್ಳಲಾರದು, ಅದು ಮಾಂಸ, ಮೀನಿನಿಂದ ಬರಬೇಕು. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣು ಹೋಗುತ್ತದೆಂದು 1975ರಲ್ಲಿ, ಹೃದಯ ಸೋಲುತ್ತದೆಂದು 1987ರಲ್ಲಿ ಸಂಶೋಧಕರು ತೋರಿಸಿದರು. ಮರಿಗಳಿಗಾಗಿ ತಯಾರಾದ ಪೊಟ್ಟಣದ ಆಹಾರದಲ್ಲಿ ಅದನ್ನು ಸೇರಿಸಿರುತ್ತಾರೆ. ಬರೀ ಮೀನನ್ನೇ ನೆಚ್ಚಿಕೊಳ್ಳಬಾರದು ಎಂಬುದನ್ನೂ ಸೇರಿಸಿ. ಅತ್ತೆಯವರನ್ನು ಮಾತ್ರ ಖಳನಾಯಕಿ ಮಾಡಬೇಡಿ. ಬಚ್ಚಲಿನ ಹಿಂದಕ್ಕೆ ಒಪ್ಪಿಗೆ ಕೊಟ್ಟವರೂ ಅವರೇ ತಾನೆ?

ಅದೇ ವಾಕ್ಯದ ಮೇಲೆ ಮೂರು ಪ್ರಶ್ನೆಗಳಿವೆ. ಪಕ್ಕದ ಮನೆಯವರು ಮಸಾಲೆ ಹಾಕುವ ಮೊದಲೇ ಮೀನು ತೆಗೆದಿಟ್ಟರೇ? ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಮುಳ್ಳು ಬಿಡಿಸಿದವರು ಯಾರು? ಮತ್ತೆ, ಇದು ಜುಲೈ ತಿಂಗಳ ಕಥೆ, ಬಂಗುಡೆ ‘ಮಲ್ಪೆಯಿಂದ ಆಗಷ್ಟೇ ಬಂದ’ದ್ದು ಎನ್ನುತ್ತೀರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಯವರು ತಂದದ್ದೇ, ಹೊರರಾಜ್ಯದಿಂದ ಮಂಜುಗಡ್ಡೆಯಲ್ಲಿ ಬಂದದ್ದೇ? ವಿಚಾರಿಸಿ ಬರೆಯಿರಿ, ಮಲ್ಪೆಯಲ್ಲೂ ನಮ್ಮ ಓದುಗರಿದ್ದಾರೆ.

ಪರಿಷ್ಕರಿಸಿದ ಪ್ರತಿ 900 ಪದ ಮೀರದಿರಲಿ. ಶೀರ್ಷಿಕೆ ಬದಲಿಸಿ. ಬುಟ್ಟಿಯಲ್ಲಿ ರಿಬ್ಬನ್ ಕಟ್ಟಿ ಕೂರಿಸಿದ ಫೋಟೊ ಬೇಡ, ಊಟದ ಹೊತ್ತಿನದು ಇದ್ದರೆ ಕಳುಹಿಸಿ. ಅತ್ತೆಯವರ ಮಾತುಗಳನ್ನು ಅಚ್ಚಿಗೆ ಕೊಡುವ ಮೊದಲು ಅವರಿಗೊಮ್ಮೆ ಓದಿ ಹೇಳಿ; ಬೇಡವೆಂದರೆ ನನಗೆ ತಿಳಿಸಿ, ಬೇರೆ ದಾರಿ ಯೋಚಿಸೋಣ.

ಇಂತು,
ಸಂಪಾದಕ
ಮಂಗಳೂರು